ಸಂತೋಷದ ಡಬ್ಬಿ

ನನಗೆ ತಮಿಳು ಓದಲು ಕಲಿಸಿದ್ದು ಅಂಗಡಿಗಳ ಬೋರ್ಡುಗಳು. ಹುಬ್ಬಳ್ಳಿಯಿಂದ ಬಂದ ಹೊಸದರಲ್ಲಿ ಬಸ್ಸಿನ ಕಿಟಕಿಗೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ರಾಯಪುರಂನ ನಮ್ಮ ಬೀದಿಯಿಂದ ಮುಖ್ಯರಸ್ತೆ ಸೇರುವಷ್ಟರಲ್ಲಿ ಐದಾರು ಕಡೆ ಒಂದೇ ಮಾತು ಬರೆದಿರುತ್ತಿತ್ತು: ನಗೈ ಅಡಗು ಕಡೈ. ಒಡವೆ ಅಡವಿಡುವ ಅಂಗಡಿ. ಹೀಗೆ ನಾನು ಗಟ್ಟಿಯಾಗಿ ಕಲಿತ ಮೊದಲ ತಮಿಳು ಪದ ನಗೈ, ಅಂದರೆ ಒಡವೆ. ಹದಿನೆಂಟು ವರ್ಷ ಆ ಪದದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಕೊನೆಗೆ ಅದೇ ಪದ ಹಿಡಿದುಕೊಂಡು ಒಬ್ಬ ಹೆಂಗಸಿಗೆ ಕಳ್ಳಿ ಅಂದೆ.

ನಾನು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿದ್ದೇನೆ. ಜನ ತಂದುಕೊಡುವ ಕಾಗದದಲ್ಲಿ ಸುಳ್ಳು ಎಲ್ಲಿ ಕೂತಿದೆ ಎಂದು ಹುಡುಕುವುದೇ ನನ್ನ ಅನ್ನ. ಸಾಯಂಕಾಲ ಮನೆಗೆ ಬಂದ ಮೇಲೂ ಆ ಕಣ್ಣು ಬದಲಾಗುವುದಿಲ್ಲ. ಗಂಡ ಗೂಡ್ಸ್ ಗಾಡಿಯ ಗಾರ್ಡು. ಮನೆಗಿಂತ ಅರಕ್ಕೋಣಂ, ಗೂಡೂರುಗಳಲ್ಲಿ ರೈಲು ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲೇ ಹೆಚ್ಚು ಇರುತ್ತಾರೆ. ಮಗಳು ಒಂಬತ್ತನೇ ಕ್ಲಾಸು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಕನ್ನಡ ಬರೆಯಲು ಬರುವುದಿಲ್ಲ. ತಪ್ಪು ನನ್ನದೇ, ಕಲಿಸುವ ತಾಳ್ಮೆ ನನಗಿರಲಿಲ್ಲ.

ಇನ್ನು ಅತ್ತೆ. ಧಾರವಾಡದ ಕಡೆ ಮಿಶನ್ ಶಾಲೆಯಲ್ಲಿ ಟೀಚರಾಗಿದ್ದವರು, ನಗುವುದಕ್ಕೆ ಹೆಸರಾದವರು. ನನ್ನ ಮದುವೆಯಲ್ಲಿ ಪಾದ್ರಿಗಳು ಕಣ್ಣುಮುಚ್ಚಿ ಪ್ರಾರ್ಥಿಸುವಾಗ ಏನೋ ನೆನಪಾಗಿ ಕಿಸಕ್ಕನೆ ನಕ್ಕು ಇಡೀ ಬೆಂಚನ್ನೇ ನಗಿಸಿದ್ದರು. ನನಗೆ ಆ ನಗು ಕಂಡರೆ ಆಗುತ್ತಿರಲಿಲ್ಲ. ನನ್ನ ಮೇಲೆಯೇ ನಗುತ್ತಿದ್ದಾರೆ ಅನ್ನಿಸುತ್ತಿತ್ತು. ಹಲವು ಸಲ ಅದು ನಿಜವೂ ಆಗಿತ್ತು.

ಮಾವ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದರು. ಕಳೆದ ಬೇಸಿಗೆಯಲ್ಲಿ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಬಾಯಿ ಒಂದು ಕಡೆಗೆ ಜಗ್ಗಿತು, ಮಾತು ಅಂಬಲಿಯಾಯಿತು. ನಗು ಪೂರ್ತಿ ನಿಂತಿತು. ಬಾಯಿಯ ಎಡಭಾಗ ಮೇಲೇಳುತ್ತಿತ್ತು, ಬಲಭಾಗ ಏಳುತ್ತಿರಲಿಲ್ಲ. ಅದು ಗೊತ್ತಾದ ದಿನದಿಂದ ಅವರು ಪ್ರಯತ್ನವನ್ನೇ ಬಿಟ್ಟರು. ಆಸ್ಪತ್ರೆಯಿಂದ ಕರೆತಂದ ದಿನವೇ ನಾನು ಅವರ ಕೋಣೆಯ ಕನ್ನಡಿ ತೆಗೆಸಿದೆ. ನೋಡಿಕೊಂಡು ನೊಂದುಕೊಳ್ಳಬಾರದು ಎಂದು ಎಲ್ಲರಿಗೂ ಹೇಳಿದೆ. ನೋಡಲು ಬಂದವರು 'ಎಷ್ಟು ಕಾಳಜಿ ಮಾಡ್ತಾಳ ಸೊಸಿ' ಅಂದರು. ಆ ಮಾತು ಕೇಳಿ ನನಗೆ ಹಿತವಾಯಿತು. ಅವರ ಮುಖದ ಮೇಲೆ ನಗು ಇಲ್ಲದ್ದೂ ಒಳಗೊಳಗೆ ಹಿತವಾಗಿತ್ತು ಎಂದು ಈಗ ಬರೆಯುತ್ತಿದ್ದೇನೆ. ಆಗ ಯಾರಾದರೂ ಹಾಗೆ ಅಂದಿದ್ದರೆ ಮೈಮೇಲೆ ಬೀಳುತ್ತಿದ್ದೆ.

ನಾನು ಆಫೀಸಿಗೆ, ಭಾನುವಾರ ಆರಾಧನೆಗೆ ಹೋದಾಗ ಅತ್ತೆಯನ್ನು ನೋಡಿಕೊಳ್ಳಲು ಒಬ್ಬಳನ್ನು ಇಟ್ಟುಕೊಂಡೆವು. ಮೀನುಗಾರರ ಕೇರಿಯವಳು. ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮಾರಿದವಳು. ಮಂಡಿ ಸವೆದ ಮೇಲೆ ಈ ಕೆಲಸಕ್ಕೆ ಬಂದಿದ್ದಳು. ಅವಳ ಗಂಟಲು ಇನ್ನೂ ನಾಲ್ಕು ಬೀದಿಗೆ ಕೇಳುವ ಗಂಟಲು. ನಾವು ಅವಳನ್ನು ಆಯಾ ಅನ್ನುತ್ತಿದ್ದೆವು. ಅವಳ ಕಡೆಯ ತಮಿಳಿನಲ್ಲಿ ಆಯಾ ಅಂದರೆ ಅಜ್ಜಿ, ಹಾಗಾಗಿ ಅವಳು ಅತ್ತೆಯನ್ನು ಆಯಾ ಅನ್ನುತ್ತಿದ್ದಳು. ಒಬ್ಬರಿಗೊಬ್ಬರು ಆಯಾ ಆಯಾ ಎಂದು ಕರೆದುಕೊಂಡು ಇಬ್ಬರೂ ಮೊದಲ ವಾರದಲ್ಲೇ ಗೆಳತಿಯರಾದರು. ಅವಳಿಗೆ ಕನ್ನಡ ಬಾರದು, ಇವರಿಗೆ ತಮಿಳು ಬಾರದು.

ನಮ್ಮ ಕನ್ನಡ ಸಭೆಗೆ ಸ್ವಂತ ದೇವಾಲಯವಿಲ್ಲ. ತಮಿಳರ ಆರಾಧನೆ ಮುಗಿದು, ಅವರ ಚಪ್ಪಲಿಗಳೆಲ್ಲ ಹೋದ ಮೇಲೆ ಅದೇ ದೇವಾಲಯ ಒಂದೂವರೆ ಗಂಟೆ ನಮ್ಮದಾಗುತ್ತದೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ ಆಗಮನ ಕಾಲ. ಅದರ ಮೊದಲ ಭಾನುವಾರ ಪಾದ್ರಿಗಳ ಹೆಂಡತಿ ಒಂದು ಹೊಸ ಪದ್ಧತಿ ಹೇಳಿದರು. ಮನೆಯಲ್ಲಿ ಒಂದು ಡಬ್ಬಿ ಇಡಿ. ಕ್ರಿಸ್ಮಸ್‌ವರೆಗೆ ದಿನಕ್ಕೊಂದು ಚೀಟಿಯಲ್ಲಿ ಆ ದಿನ ಸಿಕ್ಕ ಒಂದು ಸಣ್ಣ ಸಂತೋಷ ಬರೆದು ಹಾಕಿ. ಕ್ರಿಸ್ಮಸ್ ಹಿಂದಿನ ಸಂಜೆ ತೆಗೆದು ಒಬ್ಬರದನ್ನು ಇನ್ನೊಬ್ಬರು ಓದಿ. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ನನಗೆ ಇಂಥವೆಲ್ಲ ಬೇಡದ ಉಸಾಬರಿ. ಆದರೆ ಮಗಳು ಖಾಲಿ ಬಿಸ್ಕೀಟು ಡಬ್ಬಿಗೆ ಬೆಳ್ಳಿ ಕಾಗದ ಸುತ್ತಿ ಟೀವಿಯ ಪಕ್ಕ ಇಟ್ಟೇಬಿಟ್ಟಳು.

ನಾನು ಬರೆದದ್ದು ಹೀಗಿತ್ತು: ನೀರಿನ ಲಾರಿ ಬಂತು. ಮರುದಿನ: ಕರೆಂಟು ಹೋಗಲಿಲ್ಲ. ಅದರ ಮರುದಿನ: ಲಿಫ್ಟು ಕೆಲಸ ಮಾಡಿತು. ಅತ್ತೆಯ ಚೀಟಿ ಬರೆಯುವುದು ಮಗಳ ಕೆಲಸ. ಅವರು ತೊದಲುತ್ತಾ ಹೇಳುವರು, ಇವಳು ತಮಿಳಿನಲ್ಲಿ ಬರೆದುಕೊಳ್ಳುವಳು. ಇಂಗ್ಲಿಷಿನಲ್ಲಿ ಬರೆಯಬಾರದೇ ಅಂದರೆ, ಅಜ್ಜಿಯ ಮಾತು ಇಂಗ್ಲಿಷಿನಲ್ಲಿ ಕೂರುವುದಿಲ್ಲ, ತಮಿಳೇ ಹತ್ತಿರ ಅಂದಳು. ಅದಕ್ಕೆ ಅವಳೇ ಒಂದು ಸೂತ್ರ ಕಂಡುಹಿಡಿದಿದ್ದಳು. ಅಜ್ಜಿ ತಲಿ ಅಂದರೆ ತಮಿಳಿನಲ್ಲಿ ತಲೈ. ಎಲಿ ಅಂದರೆ ಇಲೈ. ಮಳಿ ಅಂದರೆ ಮಳೈ. ಕೊನೆಯ ಇಕಾರ ತೆಗೆದು ಐ ಹಾಕಿದರೆ ಅಜ್ಜಿಯ ಅರ್ಧ ಕನ್ನಡ ತಮಿಳಾಗುತ್ತದೆ ಎಂದು ನನಗೆ ಜಂಬದಿಂದ ಹೇಳಿದ್ದಳು. ನಾನು ಕೊತ್ತಂಬರಿ ಬಿಡಿಸುತ್ತಾ ಹೂಂ ಅಂದಿದ್ದೆ.

ಎರಡನೇ ವಾರದಲ್ಲಿ ಒಂದು ದಿನ ಜೋರು ಮಳೆಯ ಎಚ್ಚರಿಕೆ ಕೊಟ್ಟರೆಂದು ಆಫೀಸು ಮಧ್ಯಾಹ್ನಕ್ಕೇ ಬಿಟ್ಟರು. ಲಿಫ್ಟು ಕೈಕೊಟ್ಟಿತ್ತು, ಮೆಟ್ಟಿಲು ಹತ್ತಿದೆ. ಮೊದಲ ಮಹಡಿ ದಾಟುವಾಗಲೇ ನಗು ಕೇಳಿಸಿತು. ಒಂದು ಆಯಾಳದ್ದು, ಗೊತ್ತಾಯಿತು. ಇನ್ನೊಂದು ಗೊರಗೊರ ಎನ್ನುವ ಹರಕು ನಗು. ಆರು ತಿಂಗಳಿಂದ ಕೇಳದಿದ್ದರೂ ಅದು ಯಾರದೆಂದು ತಿಳಿಯಿತು. ನಡುವೆ ಆಯಾ, "ಸಿರಿ ಆಯಾ, ಸಿರಿ" ಅನ್ನುತ್ತಿದ್ದಳು. ಅವಳ ಭಾಷೆಯಲ್ಲಿ ಸಿರಿ ಅಂದರೆ ನಗು.

ಬಾಗಿಲು ಓರೆಯಾಗಿತ್ತು. ಆಯಾ ಸೆರಗಿಗೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು, ತಲೆ ಮುಂದೆ ಚಾಚಿ, ಮೊಣಕೈ ಎರಡೂ ಹೊರಗೆ ಮಾಡಿ ಕೋಣೆಯಲ್ಲಿ ನಡೆಯುತ್ತಿದ್ದಳು. ಒಂದು ಕಡೆ ನಿಂತು ಬೆರಳಿನಿಂದ ಮೇಜಿನ ಧೂಳು ಒರೆಸಿ, ಬೆರಳು ಕಣ್ಣಿನ ಹತ್ತಿರ ತಂದು ನೋಡಿದಳು. ಅದು ನಾನು. ಕಣ್ಣುಮುಚ್ಚಿ ನೋಡಿದರೂ ನಾನೇ. ನಾನು ಒಳಗೆ ಕಾಲಿಟ್ಟ ಕೂಡಲೇ ಇಬ್ಬರೂ ಗಪ್ಪಾದರು. ಅತ್ತೆ ಮುಖ ಗೋಡೆಗೆ ತಿರುಗಿಸಿದರು. ನನ್ನ ಮೈ ಉರಿದುಹೋಯಿತು. ನನ್ನ ಮನೆಯಲ್ಲಿ ಎಲ್ಲರೂ ನಗಬಹುದು, ನಾನು ಬಂದರೆ ನಿಲ್ಲಿಸಬೇಕು. ಆ ಸಂಜೆ ಚೀಟಿಯಲ್ಲಿ ಬರೆದೆ: ಮಳೆ ನಿಂತಿತು.

ಅಂದಿನಿಂದ ಅವಳನ್ನು ಬಿಡಿಸಲು ಒಂದು ಕಾರಣ ಬೇಕಾಗಿತ್ತು. ಆ ಶನಿವಾರ ಧೂಳು ಹೊಡೆಯುವ ನೆಪದಲ್ಲಿ ಡಬ್ಬಿ ಕೆಳಗಿಳಿಸಿ ಅತ್ತೆಯ ಚೀಟಿಗಳನ್ನು ಬಿಡಿಸಿದೆ. ಮಗಳ ದುಂಡನೆಯ ತಮಿಳು ಅಕ್ಷರ, ಮೂಲೆಯಲ್ಲಿ ತಾರೀಕು. ಮಳೆ ಬಂತು, ಕಿಟಕಿ ತೆಗೆದಳು. ಅವಳು ಕೂದಲು ಬಾಚಿದಳು, ನೋಯಲಿಲ್ಲ. ಪಕ್ಕದ ಮನೆಯವರು ಕ್ರಿಸ್ಮಸ್‌ಗೆ ಕರಿಯುವ ಅಚ್ಚುಮುರುಕಿನ ವಾಸನೆ. ಪ್ರತಿ ಚೀಟಿಯಲ್ಲೂ ಅವಳು, ಅವಳು. ಸೊಸೆ ಎಂಬ ಮಾತು ಒಂದರಲ್ಲೂ ಇಲ್ಲ. ಆಮೇಲೆ ಎರಡು ದಿನ ಹಿಂದಿನ ಚೀಟಿ ಸಿಕ್ಕಿತು. ಎನ್ ನಗೈ ಅವಳಿಡಂ ಇರುಕ್ಕಿರದು. ನನ್ನ ನಗೈ ಅವಳ ಹತ್ತಿರ ಇದೆ.

ಅತ್ತೆಗೆ ಎರಡು ಬಂಗಾರದ ಪಾಟ್ಲಿ ಇದ್ದವು, ಅವರ ತಾಯಿ ಹಾಕಿದ ಹಳೆಯ ಕಾಲದ ಬಳೆಗಳು. ಟ್ರಂಕು ತೆಗೆದು ನೋಡಿದೆ. ಪಾಟ್ಲಿಯ ಡಬ್ಬಿ ಖಾಲಿ. ಗಂಡ ಅರಕ್ಕೋಣಂನಲ್ಲಿದ್ದರು, ಫೋನು ನನ್ನ ಕೈಯಲ್ಲೇ ಇತ್ತು. ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ. ಅದು ನಿಜವಾಗಲಿ ಎಂದು ನನಗೆ ಆಸೆಯಿತ್ತು. ಆಫೀಸಿನಲ್ಲಿ ಎಷ್ಟೋ ಕಾಗದಗಳಲ್ಲಿ ಸುಳ್ಳು ಹಿಡಿದ ನನಗೆ ನನ್ನದೇ ಸುಳ್ಳು ಕಾಣಲಿಲ್ಲ.

ಮರುದಿನ ಮೂರನೇ ಭಾನುವಾರ. ಆಗಮನ ಕಾಲದ ನಾಲ್ಕು ಮೇಣದಬತ್ತಿಗಳಲ್ಲಿ ಮೂರನೆಯದು ಸಂತೋಷದ್ದು, ಅದಕ್ಕೆ ಮಾತ್ರ ಗುಲಾಬಿ ಬಣ್ಣ. ಈ ಸಲ ಅದನ್ನು ಹಚ್ಚುವ ಸರದಿ ನಮ್ಮ ಮನೆಯದಾಗಿತ್ತು. ಇಡೀ ಸಭೆಯ ಮುಂದೆ ನಾನೇ ಹಚ್ಚಿದೆ. ಕ್ಯಾರಲ್ ಅಭ್ಯಾಸಕ್ಕೆಂದು ಮಗಳು ಅಲ್ಲೇ ಉಳಿದಳು. ನಾನು ಆಟೋ ಹಿಡಿದು ಮನೆಗೆ ಬಂದೆ. ಅವಳು ಬರುವುದರೊಳಗೆ ಮುಗಿಸಬೇಕೆಂದೇ ಬಂದೆ.

ಆಯಾ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ಅವಳ ಪ್ಲಾಸ್ಟಿಕ್ ವಯರಿನ ಬುಟ್ಟಿ ಬಾಗಿಲ ಹಿಂದೆ ಇತ್ತು. ಅದನ್ನು ಅವಳ ಮುಂದೆ ಇಟ್ಟು, ಎಲ್ಲಾ ಹೊರಗೆ ಸುರಿ ಅಂದೆ. ಅವಳಿಗೆ ತಿಳಿಯಲಿಲ್ಲ. ಪಾಟ್ಲಿಯ ಖಾಲಿ ಡಬ್ಬಿ ತೋರಿಸಿದ ಮೇಲೆ ತಿಳಿಯಿತು. ಮುಖ ಬಿಳಿಚಿಕೊಂಡಿತು. "ನಾ ಎಡುಕ್ಕಲ ಮಾ," ಅಂದಳು, ನಾನು ತೆಗೆದಿಲ್ಲ ಅಂತ. ಹಾಗಾದರೆ ಸುರಿಯಲು ಏನು ಕಷ್ಟ ಅಂದೆ. ಮಂಡಿ ಬಾಗದ ಹೆಂಗಸು ಗೋಡೆ ಹಿಡಿದು ಕೆಳಗೆ ಕೂತು ಒಂದೊಂದಾಗಿ ತೆಗೆದಿಟ್ಟಳು. ಊಟದ ಡಬ್ಬಿ. ಎಲೆ ಅಡಿಕೆಯ ಚೀಲ. ಮಂಡಿಗೆ ಹಚ್ಚುವ ಎಣ್ಣೆ. ಅತ್ತೆ ತಮ್ಮ ಪಾಲಿನಿಂದ ಉಳಿಸಿಕೊಟ್ಟ ಎರಡು ಅಚ್ಚುಮುರುಕು. ಕೊನೆಗೆ ಕೆಂಪು ಚೌಕಟ್ಟಿನ ಒಂದು ಕೈಗನ್ನಡಿ.

"ರೋಗಿ ನೋಡ್ಕೊಳ್ಳಾಕ ಬರೋರಿಗೆ ಕನ್ನಡಿ ಯಾಕ ಬೇಕು? ಇಲ್ಲಿ ಬ್ಯೂಟಿ ಪಾರ್ಲರ್ ಇಟ್ಟೀಯೇನು?" ಅಂದೆ. ಕನ್ನಡದಲ್ಲೇ ಅಂದೆ. ಅದು ಅವಳಿಗಲ್ಲ, ಅತ್ತೆಗೆ ಕೇಳಲಿ ಅಂತ.

ಅತ್ತೆ ಎಡಗೈಯಿಂದ ಮಂಚದ ಪಟ್ಟಿ ಬಡಿಯುತ್ತಿದ್ದರು. ಬಾಯಿಂದ ಗಂಜಿ ಸೋರುತ್ತಿತ್ತು. "ನಗಿ... ನಗಿ..." ಅಂದರು. ನನ್ನ ಕಿವಿಗೆ ಅದು ನಗ ಎಂದು ಬಿತ್ತು.

"ಹೂನ್ರೀ ಅತ್ತಿ, ನಿಮ್ಮ ನಗಾನ ಹುಡುಕಾಕತ್ತೇನಿ. ನೀವ ಬರಸೀರಲ್ಲ, ಆಕಿ ಹತ್ರ ಐತಿ ಅಂತ," ಅಂದೆ.

ಅವರು ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದರು. ನಾನು ನೋಡಿದೆ, ಬೇಡ ಅನ್ನುತ್ತಿದ್ದಾರೆ ಎಂದು ನನಗೆ ತಿಳಿಯಿತು. ಕರುಣೆಯಿಂದ ಹಾಗನ್ನುತ್ತಾರೆ ಅಂದುಕೊಂಡೆ. ಬಾಗಿಲು ತೆರೆದು, ಮೆಟ್ಟಿಲಿಗೆ ಕೇಳುವ ಹಾಗೆ, "ತಿರುಡಿ" ಅಂದೆ. ಕಳ್ಳಿ. ಆ ಪದವನ್ನು ಅವಳ ಭಾಷೆಯಲ್ಲೇ ಹುಡುಕಿ ಹೇಳಿದೆ, ಕೆಳಗಿನ ಮನೆಯವರಿಗೂ ತಿಳಿಯಲಿ ಎಂದು. ಮೇಲೆ ಕೆಳಗೆ ಎರಡು ಬಾಗಿಲು ತೆರೆದವು. ಆಯಾ ಸಾಮಾನನ್ನೆಲ್ಲ ಬುಟ್ಟಿಗೆ ತುಂಬಿಕೊಂಡಳು. ಕನ್ನಡಿಯನ್ನು ಮಾತ್ರ ಅತ್ತೆಯ ಎಡಗೈ ಪಕ್ಕ ಇಟ್ಟು, ಅವರ ಬಾಯಿಯ ಗಂಜಿ ಸೆರಗಿನಿಂದ ಒರೆಸಿ, ಮೆಟ್ಟಿಲಿಳಿದು ಹೋದಳು.

ಮಗಳು ಮೂರು ಗಂಟೆಗೆ ಬಂದಳು. ಅಜ್ಜಿ ಯಾಕೆ ಅಳುತ್ತಿದ್ದಾರೆ ಎಂದು ಕೇಳಿದಳು. ನಾನು ನಡೆದದ್ದು ಹೇಳಿದೆ, ಚೀಟಿ ಓದಿದ್ದನ್ನೂ ಹೇಳಿದೆ. ಡಬ್ಬಿ ತೆರೆದಿಯಾ ಎಂದು ಮೊದಲು ಸಿಟ್ಟಾದಳು. ಆಮೇಲೆ ಸಿಟ್ಟು ಇಳಿದು ನನ್ನನ್ನೇ ದಿಟ್ಟಿಸಿ ನೋಡಿದಳು.

"ಅಮ್ಮಾ, ಅದು ಒಡವೆ ಇಲ್ಲ. ನಗೈನ್ನಾ ಸಿರಿಪ್ಪುಮ್ಮಾ," ಅಂದಳು.

ಒಡವೆಯಲ್ಲ, ನಗು. ಅಜ್ಜಿ ಹೇಳಿದ್ದು, 'ನನ್ನ ನಗಿ ಆಕಿ ಕಡೆ ಐತಿ.' ತಲಿ ತಲೈ ಆದ ಹಾಗೆ ನಗಿ ನಗೈ ಆಯಿತು. ಸೂತ್ರವನ್ನಷ್ಟೇ ನಂಬದೆ ಅವಳು ಶಾಲೆಯ ತಮಿಳು ಟೀಚರನ್ನು ಕೇಳಿದ್ದಳು. ಹಳೆಯ ತಮಿಳಿನಲ್ಲಿ ನಗೈ ಅಂದರೆ ನಗುವೇ, ಮುಗುಳ್ನಗೆಗೆ ಇವತ್ತಿಗೂ ಪುನ್ನಗೈ ಅನ್ನುತ್ತಾರೆ, ಸರಿಯಾಗಿ ಬರೆದಿದ್ದೀ ಎಂದು ಟೀಚರು ಬೆನ್ನು ತಟ್ಟಿದ್ದರಂತೆ. ಬಾಯಿಗೆ ವ್ಯಾಯಾಮ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟ ಕಾಗದ ನನ್ನ ಫೈಲಿನಲ್ಲೇ ಇತ್ತು. ನಾನು ಅದಕ್ಕೆ ರಂಧ್ರ ಹೊಡೆದು, ದಾರ ಕಟ್ಟಿ ಇಟ್ಟಿದ್ದೆ. ಮಾಡಿಸಿದವಳು ಆಯಾ, ಅತ್ತೆ ಅದನ್ನೆಲ್ಲ ಮಗಳಿಗೆ ಹೇಳಿದ್ದರಂತೆ. ನಾನು ಕನ್ನಡಿ ತೆಗೆಸಿದ್ದರಿಂದ ತನ್ನ ಮನೆಯದನ್ನು ತಂದು, ದಿನಾ ಮಧ್ಯಾಹ್ನ ಅತ್ತೆಯ ಮುಂದೆ ಹಿಡಿದು, ನನ್ನ ಹಾಗೆ ನಡೆದು ತೋರಿಸಿ, ಬಾಯಿಯ ಬಲಭಾಗವನ್ನು ಕೂದಲೆಳೆಯಷ್ಟು ಮೇಲೆ ಎತ್ತಿಸುತ್ತಿದ್ದಳು. ಸಾಯಂಕಾಲ ಕನ್ನಡಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಅತ್ತೆಯ ನಗಿ ಆಕಿ ಕಡೆ ಇದ್ದದ್ದು ನಿಜ.

ಪಾಟ್ಲಿಗಾಗಿ ಆಗ ಗಂಡನಿಗೆ ಫೋನು ಮಾಡಿದೆ. "ಲಾಕರಿನ್ಯಾಗ ಅದಾವಲ್ಲ. ದವಾಖಾನ್ಯಾಗ ಅವ್ವನ ಕೈ ಬಾತಾಗ ನಾನ ತಗದಿಟ್ಟೆ. ಯಾಕ?" ಅಂದರು. ಏನಿಲ್ಲ ಅಂದೆ.

ಮರುದಿನ ರಜೆ ಹಾಕಿ, ಅವಳಿಗೊಂದು ಸೀರೆ ಕೊಂಡು ಬಂದರಿನ ಕಡೆ ಹೋದೆ. ಅವಳು ಮತ್ತೆ ಮೀನಿಗೆ ಕೂತಿದ್ದಳು. ಬುಟ್ಟಿ ಹೊರಲಾಗದೆ ನೆಲದ ಮೇಲೆ ಹಾಳೆ ಹಾಸಿಕೊಂಡಿದ್ದಳು. ಸುತ್ತ ಏಳೆಂಟು ಹೆಂಗಸರು. ತಪ್ಪಾಯಿತು ಅಂದೆ. ಕೆಲಸಕ್ಕೆ ಬಾ, ಅತ್ತೆ ಊಟ ಬಿಟ್ಟಿದ್ದಾರೆ ಅಂದೆ. ಅದು ನಿಜವೇ ಆಗಿತ್ತು.

ಅವಳು ಕೂಗಾಡಲಿಲ್ಲ. ಮೀನಿನ ಮೇಲೆ ನೀರು ಚಿಮುಕಿಸುತ್ತಾ ಕೂತಿದ್ದಳು. ಕೊನೆಗೆ ತಲೆಯೆತ್ತಿ ನನ್ನ ಹೆಗಲ ಚೀಲ ತೋರಿಸಿ, "ಅದೆ ಕೊಟ್ಟು ಮಾ," ಅಂದಳು. ಅದನ್ನು ಸುರಿ. ನೆಲ ತೋರಿಸಿದಳು. ಅವಳ ಮೀನಿನ ಪಕ್ಕ, ಒದ್ದೆ ಮರಳಿನ ಮೇಲೆ, ಇವರೆಲ್ಲರ ಮುಂದೆ.

ಚೀಲದಲ್ಲಿ ಏನಿತ್ತು? ಐಡಿ ಕಾರ್ಡು, ಛತ್ರಿ, ಬಾಚಣಿಗೆ, ತಲೆನೋವಿನ ಮಾತ್ರೆ, ಅವಳಿಗೆ ತಂದ ಸೀರೆ. ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆದರೂ ನನ್ನ ಕೈ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿಯಿತು. ಸುರಿದಿದ್ದರೆ ಅವಳು ಬರುತ್ತಿದ್ದಳು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ. ನನ್ನಿಂದ ಆಗಲಿಲ್ಲ. ಅವಳು ಬೇರೆ ಗಿರಾಕಿಯ ಕಡೆ ತಿರುಗಿದಳು. ನಾನು ಸೀರೆಯ ಸಮೇತ ಹಿಂದಕ್ಕೆ ಬಂದೆ.

ಮುಂದಿನ ದಿನಗಳಲ್ಲಿ ಬೇರೆ ಹೆಂಗಸು ಬಂದಳು. ಚೊಕ್ಕಟ ಕೆಲಸ, ಮಾತಿಲ್ಲ ಕತೆಯಿಲ್ಲ. ಮಗಳು ಸಾಯಂಕಾಲ ಆ ಕೆಂಪು ಕನ್ನಡಿ ಹಿಡಿದು, "ಸಿರಿ ಅಜ್ಜಿ, ಸಿರಿ" ಅನ್ನುವಳು. ಅತ್ತೆ ಗೋಡೆಯ ಕಡೆ ಹೊರಳುವರು. ಮೇಲೆ ಎದ್ದಿದ್ದ ಕೂದಲೆಳೆಯಷ್ಟು ತುಟಿ ಮತ್ತೆ ಕೆಳಗಿಳಿಯಿತು. ಚೀಟಿ ಹಾಕುವುದನ್ನು ಮಾತ್ರ ಅವರು ಬಿಡಲಿಲ್ಲ. ದಿನಾ ಎಡಗೈ ಚಾಚಿ ಚೀಟಿ ಕೇಳುವರು, ಮಗಳ ಕೈಯಲ್ಲಿ ಮಡಿಸಿ ಹಾಕಿಸುವರು. ಏನು ಬರೆಸಿದರು ಎಂದರೆ ಅವಳು ನನಗೆ ಹೇಳಲಿಲ್ಲ.

ಕ್ರಿಸ್ಮಸ್ ಹಿಂದಿನ ಸಂಜೆ ಗಂಡನಿಗೆ ರಜೆ ಸಿಕ್ಕಿತ್ತು. ಬಾಲ್ಕನಿಗೆ ನಕ್ಷತ್ರ ಕಟ್ಟಿದೆವು. ಅತ್ತೆಯನ್ನು ಗಾಲಿ ಕುರ್ಚಿಯಲ್ಲಿ ಹಾಲಿಗೆ ತಂದು ಡಬ್ಬಿ ತೆಗೆದೆವು. ಅತ್ತೆಯ ಚೀಟಿಗಳನ್ನು ನಾನು ಓದಬೇಕೆಂದು ಅತ್ತೆಯೇ ಬೆರಳು ತೋರಿಸಿದರು. ಓದಿದೆ. ಮಳೆ, ಕಿಟಕಿ, ಬಾಚಣಿಗೆ, ಅಚ್ಚುಮುರುಕು. 'ಅವಳು ದಿನಾ ಸಿರಿ ಸಿರಿ ಅನ್ನುತ್ತಾಳೆ. ಇಷ್ಟು ಸಿರಿ ನನಗೆ ಯಾರೂ ಹಾರೈಸಿರಲಿಲ್ಲ' ಎಂದು ಒಂದರಲ್ಲಿತ್ತು. ಆ ಪದವನ್ನು ಅತ್ತೆ ಕನ್ನಡದಲ್ಲೇ ಕೇಳಿಸಿಕೊಂಡಿದ್ದರು. 'ಇವತ್ತು ಸೊಸೆಯ ಹಾಗೆ ನಡೆದು ತೋರಿಸಿದಳು' ಎಂದು ಇನ್ನೊಂದರಲ್ಲಿತ್ತು. ಸೊಸೆ ಎಂಬ ಮಾತು ನಾನು ಹುಡುಕಿದಾಗ ಸಿಕ್ಕಿರಲಿಲ್ಲ, ಅದೊಂದು ತಳದಲ್ಲಿ ಅಂಟಿಕೊಂಡಿತ್ತು. ಆಮೇಲೆ 'ನನ್ನ ನಗಿ ಆಕಿ ಕಡೆ ಐತಿ.' ಅದನ್ನೂ ಓದಿದೆ. ಮೂರನೇ ಭಾನುವಾರದಿಂದ ಮುಂದಿನವುಗಳನ್ನು ಬಿಡಿಸಿದೆ. ಖಾಲಿ. ಇನ್ನೊಂದು ಬಿಡಿಸಿದೆ, ಖಾಲಿ. ನಿಲ್ಲಿಸಲು ಹೋದರೆ ಅತ್ತೆ ಬೆರಳು ಅಲ್ಲಾಡಿಸಿದರು, ಓದು ಅಂತ. ಒಂದೊಂದನ್ನೂ ಬಿಡಿಸಿ, 'ಏನೂ ಇಲ್ಲ' ಎಂದು ಗಟ್ಟಿಯಾಗಿ ಓದಿದೆ. ಗಂಡ ನೆಲ ನೋಡುತ್ತಿದ್ದರು.

ಕೊನೆಯ ಖಾಲಿ ಚೀಟಿ ಮುಗಿದ ಮೇಲೆ ನನಗೆ ಏನಾಯಿತೋ. ಮೆಟ್ಟಿಲಲ್ಲಿ ಆ ಮಧ್ಯಾಹ್ನ ಕೇಳಿದ ಹರಕು ನಗುವೇ ನನ್ನ ಆ ದಿನದ ಚೀಟಿಯಾಗಬೇಕಿತ್ತು ಅನ್ನಿಸಿತು. ಎದ್ದು ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ತಲೆ ಮುಂದೆ ಚಾಚಿದೆ, ಮೊಣಕೈ ಹೊರಗೆ ಮಾಡಿದೆ, ಬಾಗಿಲಿನಿಂದ ಟೀವಿಯವರೆಗೆ ನಡೆದೆ. ಬೆರಳಿನಿಂದ ಧೂಳು ಒರೆಸಿ ಕಣ್ಣಿನ ಹತ್ತಿರ ತಂದು ನೋಡಿದೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಅತ್ತೆ 'ಇನ್ನೊಮ್ಮೆ' ಅನ್ನುವ ಹಾಗೆ ಎಡಗೈ ಆಡಿಸಿದರು. ನನ್ನ ಎದೆ ಹಗುರಾಯಿತು. ಮತ್ತೆ ನಡೆದೆ, ಇನ್ನೂ ಜೋರಾಗಿ, ಗೊಂಚಲು ಝಣಝಣ ಅನ್ನಿಸುತ್ತಾ.

ಅವರು ಕೊನೆಯವರೆಗೂ ನೋಡಿದರು. ಬಾಯಿ ಗೆರೆಯಷ್ಟೂ ಅಲುಗಲಿಲ್ಲ. ಆಮೇಲೆ, ಆರು ತಿಂಗಳಲ್ಲಿ ಅಷ್ಟು ಸ್ಪಷ್ಟವಾಗಿ ಒಂದು ಮಾತನ್ನೂ ಆಡದ ಹೆಂಗಸು, ಒಂದೊಂದೇ ಅಕ್ಷರ ಬಿಡಿಸಿ ನನಗೆ ಹೇಳಿದರು.

"ಆಕಿ ಇದಕಿಂತ ಚೊಲೋ ಮಾಡತಿದ್ಲು."